ರಾಜಕೀಯ ಬೆರೆಸದೆ ಊರ ಕೆರೆ ಹೂಳೆತ್ತೋಕಾಗಲ್ವಾ?

ಬೇಸಿಗೆ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತೆ. ಕೇಳುವವರು ಹೆಚ್ಚಾಗಿ ಬೆಂಗಳೂರಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಶ್ರೀನಿವಾಸಪುರ, ಚಿಂತಾಮಣಿ, ಮಾಲೂರು ಕಡೆಯ ಹಳ್ಳಿಗೆ ಬರುವ ಹುಡುಗರು. "ಪಾರ್ಟಿಯವರೂ ಬೇಡ, ಪೂಜೆ ಪುನಸ್ಕಾರವೂ ಬೇಡ ಸರ್. ನಾವೇ ದುಡ್ಡು ಹಾಕಿ ಹಿಟಾಚಿ ಇಳಿಸ್ತೀವಿ. ಆಗಲ್ವಾ?"

ಇಳಿಸಬಹುದು. ಮೂರನೇ ದಿನಕ್ಕೆ ನಿಲ್ಲುತ್ತೆ.

ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ನೋಡಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ಮೀರಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯಿತಿ ಕಡೆ. ಕೈಯಲ್ಲಿ ಅನುಮತಿ ಪತ್ರ ಇಲ್ಲದಿದ್ದರೆ ಯಾರೋ ಒಬ್ಬ ಫೋನ್ ಮಾಡಿದರೂ ಟ್ರ್ಯಾಕ್ಟರ್ ಠಾಣೆ ಮುಂದೆ ನಿಲ್ಲುತ್ತೆ. ಆ ಫೋನ್ ಮಾಡೋನು ಸಾಮಾನ್ಯವಾಗಿ ಕೆರೆಯಂಗಳ ಒತ್ತುವರಿ ಮಾಡಿಕೊಂಡವನು, ಇಲ್ಲವೇ ಕಳೆದ ಸಲ ಸೋತವರ ಕಡೆಯವನು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅನ್ನೋದು ಕಾಗದದ ಮಾತು. ಯಾವ ಮನೆ ಯಾವ ಪಾರ್ಟಿ ಅಂತ ಊರಿನ ಮಕ್ಕಳಿಗೂ ಗೊತ್ತು. ಅದಕ್ಕೇ ಅಧ್ಯಕ್ಷರ ಮನೆಗೂ, ಅವರ ಎದುರು ನಿಂತಿದ್ದವರ ಮನೆಗೂ ಒಂದೇ ದಿನ ಹೋಗಿ ಬನ್ನಿ. ಒಂದು ದಿನ ತಡವಾದರೂ 'ಇವರು ಅವರ ಕಡೆ' ಅನ್ನೋ ಮಾತು ಹುಟ್ಟಿಬಿಡುತ್ತೆ.

ಕೆಲಸ ಬೇಸಿಗೆಯದಾದರೂ ಓಡಾಟ ಅಕ್ಟೋಬರ್‌ನಲ್ಲೇ ಶುರುವಾಗಬೇಕು. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಕೆರೆಯ ಹೆಸರು ಬರೆಸಿ ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಿ. ಸರ್ವೆಗೆ ಅರ್ಜಿ ಕೊಟ್ಟು ಗಡಿಗೆ ಕಲ್ಲು ನೆಡಿಸಿ. ಅಗೆಯೋಕೆ ಸಿಗೋದು ಶಿವರಾತ್ರಿಯಿಂದ ಮುಂಗಾರಿನ ತನಕ ಮೂರು ತಿಂಗಳು ಮಾತ್ರ. ಅದರ ನಡುವೆ ಮಾರ್ಚ್ 31ರ ಬಿಲ್ಲಿನ ಗಡಿಬಿಡಿ. ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆ ಬಂದು ಸರ್ಕಾರಿ ದುಡ್ಡಿನ ಹೊಸ ಕೆಲಸಕ್ಕೆ ಕೈ ಹಾಕುವಂತಿಲ್ಲ. ಇನ್ನು ಉದ್ಯೋಗ ಖಾತ್ರಿ ಕೆಲಸದಲ್ಲಿ ಗುತ್ತಿಗೆದಾರರಿಗೆ ಜಾಗವೇ ಇಲ್ಲ. ಆ ಲೆಕ್ಕಕ್ಕೆ ಬಳ್ಳಾರಿ ಜಾಲಿ ಕಡಿಯೋದು, ಕೆರೆಗೆ ನೀರು ತರೋ ರಾಜಕಾಲುವೆಯ ತೆರವು, ಏರಿಯ ಗಿಡಗಂಟಿ ಇಡಿ. ಯಂತ್ರದ ಕೆಲಸವನ್ನು ಬೇರೆ ದುಡ್ಡಿನಲ್ಲಿ, ಬೇರೆ ಪುಸ್ತಕದಲ್ಲಿ ಬರೆಯಿರಿ. ಎರಡನ್ನೂ ಬೆರೆಸಿದರೆ ಸಾಮಾಜಿಕ ಲೆಕ್ಕ ಪರಿಶೋಧನೆಯಲ್ಲಿ ಊರಿನ ಮಾನ ಹೋಗುತ್ತೆ.

ಇನ್ನು ಗಾತ್ರದ ಲೆಕ್ಕ. ಒಂದು ಎಕರೆ ಅಂದರೆ 43,560 ಚದರ ಅಡಿ. ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ ಹಿಡಿದರೂ, ಒಂದೇ ಎಕರೆಯಲ್ಲಿ ಒಂದೇ ಅಡಿ ತೆಗೆಯೋಕೆ 435 ಲೋಡು ಬೇಕು. ಅಗೆದ ಮಣ್ಣು ಉಬ್ಬೋದರಿಂದ 500 ದಾಟುತ್ತೆ. ಇಷ್ಟಕ್ಕೆ ಸಿಗೋ ಜಾಗ ಹನ್ನೆರಡು ಲಕ್ಷ ಲೀಟರ್ ಚಿಲ್ಲರೆ ನೀರಿಗೆ. ಎರಡು ದಿನದ ಶ್ರಮದಾನದ ಫೋಟೋದಲ್ಲಿ ಇದು ಕಾಣಲ್ಲ. ಸಾಗಣೆ ದುಬಾರಿಯಾದ್ದರಿಂದ ರೂಢಿಯಲ್ಲಿರೋ ಏರ್ಪಾಡು ಹೀಗಿದೆ: ಹಿಟಾಚಿ ಬಾಡಿಗೆ ಊರಿನದು ಅಥವಾ ದಾನಿಗಳದು, ಟ್ರ್ಯಾಕ್ಟರ್, ಡೀಸೆಲ್ ಮಾತ್ರ ಗೋಡು (ಕೆರೆಯ ಹೂಳುಮಣ್ಣು) ಒಯ್ಯುವ ರೈತನದು. ಎಕರೆಗೆ 40 ಲೋಡು ಹರಡಿದರೆ ಹೊಲದಲ್ಲಿ ಒಂದು ಇಂಚು ದಪ್ಪ ಕೂರುತ್ತೆ, ಅಷ್ಟು ಸಾಕು. ಮೇಲಿನ ಕಪ್ಪು ಗೋಡು ಮುಗಿದು ಜೇಡಿ ಸಿಕ್ಕಿದ ಕಡೆ ಬಕೆಟ್ ನಿಲ್ಲಬೇಕು. ನೀರು ಹಿಡಿದಿಡೋದೇ ಆ ಜೇಡಿ. ಮಾಲೂರು ಕಡೆ ಇಟ್ಟಿಗೆ ಗೂಡು ಹತ್ತಿರ ಇರೋದರಿಂದ ಜೇಡಿಗೇ ಬೆಲೆ ಜಾಸ್ತಿ, ಕಣ್ಣು ತಪ್ಪಿದರೆ ರಾತ್ರಿ ಲಾರಿ ಬರುತ್ತೆ. ಏರಿಯ ಬುಡಕ್ಕಂತೂ ಹೋಗಲೇಬೇಡಿ. ಎಷ್ಟು ದೂರ ಬಿಡಬೇಕು ಅಂತ ಎಂಜಿನಿಯರ್ ಕೈಲಿ ಸುಣ್ಣದ ಗೆರೆ ಹಾಕಿಸಿ. ಇಷ್ಟೆಲ್ಲ ಮಾಡಿ ರಾಜಕಾಲುವೆ ಬಿಟ್ಟರೆ, ಕೆರೆ ಆಳವಾಗಿರುತ್ತೆ, ಒಣಗಿಯೂ ಇರುತ್ತೆ. (ಕೆರೆಗೆ ನೀರು ಹರಿದು ಬರೋ ಕಡೆ ನೀರು ಹೀರೋ ನೀಲಗಿರಿ ತೋಪಿದ್ದರೆ ಕೇಳೋದೇ ಬೇಡ.)

ನಿಜವಾದ ರಾಜಕೀಯ ಇರೋದು ತೂಬಿನ ಹತ್ತಿರ, ಕೆರೆ ನೀರನ್ನು ಕಾಲುವೆಗೆ ಬಿಡೋ ಬಾಗಿಲಲ್ಲಿ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಆ ನೀರು ಕಾಲುವೆಗೆ ಹರಿಯಲ್ಲ, ಇಂಗಿ ಬೋರ್‌ವೆಲ್‌ಗೆ ಹೋಗುತ್ತೆ. ಬೋರ್ ಇರೋನಿಗೆ ಲಾಭ. ಅಚ್ಚುಕಟ್ಟಿನಲ್ಲಿ ಬೋರ್ ಇಲ್ಲದ ಅರ್ಧ ಎಕರೆಯವನಿಗೆ ಏನೂ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಆ ನೀರು ತುಂಬುವ ಕೆರೆಗಳಿಗೆ ಸರ್ಕಾರವೇ ತೀರ್ಮಾನ ಮಾಡಿತು: ನೀರು ಇಂಗಿಸೋಕೆ ಮಾತ್ರ, ನೇರವಾಗಿ ಎತ್ತುವಂತಿಲ್ಲ. ಬೇರೆ ಊರುಗಳಲ್ಲಿ ಅದನ್ನು ಊರೇ ತೀರ್ಮಾನಿಸಬೇಕು, ಮತ್ತು ಅಗೆಯೋಕೆ ಮುಂಚೆ. 'ರಾಜಕೀಯ ಬೇಡ' ಅಂದುಕೊಂಡು ಈ ಮಾತು ಎತ್ತದಿದ್ದರೆ ಬೋರ್ ಇರೋರು ಗೆದ್ದಂತೆಯೇ. ಪಾರ್ಟಿ ಬಾವುಟ ಹೊರಗಿಡಿ, ಈ ಜಗಳವನ್ನು ಮಾತ್ರ ಗ್ರಾಮ ಸಭೆಯಲ್ಲೇ ಆಡಿ ನಡಾವಳಿಗೆ ಬರೆಸಿ.

ದೇವರ ವಿಷಯಕ್ಕೆ ಬರೋಣ. ಏರಿ ಮೇಲೆ ಗಂಗಮ್ಮನೋ ಮುನೇಶ್ವರನೋ ಇದ್ದೇ ಇರ್ತಾರೆ. ಪೂಜೆ ಮಾಡಿ ಗುದ್ದಲಿ ಹಾಕಿದ ಕೆಲಸವನ್ನು ಅರ್ಧಕ್ಕೆ ಬಿಡೋಕೆ ಜನ ಹಿಂಜರೀತಾರೆ, ಸಂಘದ ರಸೀದಿಗೆ ಬಾರದ ವಂತಿಗೆ ಗಂಗಮ್ಮನ ಹೆಸರಿಗೆ ಬರುತ್ತೆ. ಆದರೆ ಸಭೆಯನ್ನು ಗುಡಿ ಒಳಗೆ ಕರೆಯಬೇಡಿ. 2022ರಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದು ಇದೇ ಕೋಲಾರ ಜಿಲ್ಲೆಯಲ್ಲಿ. ಗುಡಿ ಬಾಗಿಲಲ್ಲಿ ನಿಲ್ಲೋರು ಕೆರೆ ಸಭೆಯಲ್ಲೂ ಬಾಗಿಲಲ್ಲೇ ನಿಲ್ತಾರೆ. ಯಾವ ಕಾಲುವೆ ಎಲ್ಲಿ ಮುಚ್ಚಿಹೋಯ್ತು ಅಂತ ಬಾಯಲ್ಲೇ ಹೇಳಬಲ್ಲ ಹಳೇ ನೀರಗಂಟಿ (ಕೆರೆ ನೀರು ಹಂಚುತ್ತಿದ್ದವರ) ಮನೆಯವರು ಎಷ್ಟೋ ಊರಲ್ಲಿ ದಲಿತರೇ. ಅವರು ಹೊರಗಿದ್ದರೆ ಕೆರೆಯ ನಕ್ಷೆಯೂ ಹೊರಗೇ ಉಳಿಯಿತು ಅನ್ನಿ.

ಸಭೆಗೆ ಒಳ್ಳೇ ಜಾಗ ಹಾಲಿನ ಡೇರಿ. ಎರಡು ಹೊತ್ತೂ ಎಲ್ಲ ಜಾತಿ, ಎಲ್ಲ ಪಾರ್ಟಿಯವರೂ ಕ್ಯಾನ್ ಹಿಡಿದು ಒಂದೇ ಸಾಲಲ್ಲಿ ನಿಲ್ಲೋ ಜಾಗ ಊರಲ್ಲಿ ಅದೊಂದೇ. ಅಲ್ಲಿ ಅಂಟಿಸಿದ ಚೀಟಿ ತಮಟೆ ಸಾರಿದ್ದಕ್ಕಿಂತ ಬೇಗ ಊರು ಮುಟ್ಟುತ್ತೆ. ಲೆಕ್ಕ ಮಾತ್ರ ಹೆಣ್ಮಕ್ಕಳ ಸ್ವಸಹಾಯ ಸಂಘಕ್ಕೆ ಕೊಡಿ, ವಾರವಾರ ಕಂತು ಬರೆದು ಬರೆದು ಪಳಗಿದ ಕೈ ಅವು. ಬ್ಯಾಂಕ್ ಖಾತೆಗೆ ಮೂವರ ಸಹಿ ಇರಲಿ, ಎರಡು ಗುಂಪಿನಿಂದ ಒಬ್ಬೊಬ್ಬರು, ಸಂಘದಿಂದ ಒಬ್ಬರು. ಹಿಟಾಚಿಯ ಗಂಟೆ ಮೀಟರ್ ಬೆಳಗ್ಗೆ ಎಷ್ಟಿತ್ತು, ಸಂಜೆ ಎಷ್ಟಾಯ್ತು ಅಂತ ಇಬ್ಬರು ನೋಡಿ ಬರೆದು ಸಹಿ ಹಾಕಬೇಕು. ಲೋಡಿಗೊಂದು ಚೀಟಿ. ಊಟದ ಹೊತ್ತಲ್ಲಿ ಇಂಜಿನ್ ಆಫ್ ಮಾಡಿಸಿ, ಇಲ್ಲದಿದ್ದರೆ ಮೀಟರ್ ಓಡ್ತಾನೇ ಇರುತ್ತೆ.

ಶಾಸಕರು ಬಂದು ಬಾಗಿನ ಬಿಟ್ಟು ಫೋಟೋ ತೆಗೆಸಿಕೊಳ್ತಾರೆ ಅಂತ ಹುಡುಗರಿಗೆ ಸಿಟ್ಟು. ತೆಗೆಸಿಕೊಳ್ಳಲಿ ಬಿಡಿ, ಕೋಡಿ (ಹೆಚ್ಚಾದ ನೀರು ಹೊರಹೋಗೋ ಜಾಗ) ದುರಸ್ತಿಯ ಕಲ್ಲುಕೆಲಸಕ್ಕೆ ಅನುದಾನ ಕೇಳೋಕೆ ಅದಕ್ಕಿಂತ ಒಳ್ಳೇ ಗಳಿಗೆ ಸಿಗಲ್ಲ. ಬಾಯಿಮಾತಲ್ಲಿ ಕೇಳಬೇಡಿ, ಅಂದಾಜುಪಟ್ಟಿ ಲಗತ್ತಿಸಿದ ಮನವಿಯನ್ನು ಮೊರದ ಬಾಗಿನದ ಜೊತೆಗೇ ಸಿದ್ಧ ಇಟ್ಟುಕೊಂಡಿರಿ, ಎರಡು ಪ್ರತಿ. ಒಂದಕ್ಕೆ ಅಲ್ಲೇ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.