ಮಗುವಿಗೆ ಯಾವ ಟ್ಯಾಬ್ ಕೊಡಿಸಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಕ್ಕಾ, ಮಗನಿಗೆ ನಾಲ್ಕು ವರ್ಷ. ಕಡಿಮೆ ಬೆಲೆದು ಒಂದು ಟ್ಯಾಬ್ ತಗೋಬೇಕು ಅಂತಿದ್ದೀವಿ. ಮನೆಯವರಿಗೂ ಉಪಯೋಗಕ್ಕೆ ಬಂದ್ರೆ ಒಳ್ಳೇದು. ಯಾವುದು ತಗೊಳ್ಳಲಿ?"

ಚಿಕ್ಕ ಮಕ್ಕಳಿರುವ ಗೆಳತಿಯರು, ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು, ಎಲ್ಲರೂ ನನ್ನನ್ನು ಇದನ್ನೇ ಕೇಳುತ್ತಾರೆ. ನಾನು ಮೊದಲು ಆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸುತ್ತೇನೆ. ಮಗುವಿಗೆ ಅಂತ ಟ್ಯಾಬ್ ತಗೋಬೇಡಿ. ಮನೆಗೆ ಅಂತ ಒಂದು ತಗೊಳ್ಳಿ. ಅದರಲ್ಲಿ ಮಗುವಿಗೆ ಒಂದು ಮೂಲೆ ಮಾಡಿಕೊಡಿ.

ಇದನ್ನು ಕಲಿಯೋಕೆ ನನಗೆ ಒಂದು ಟ್ಯಾಬ್‌ನ ದುಡ್ಡು ಖರ್ಚಾಯಿತು. ಮಗಳಿಗೆ ನಾಲ್ಕು ತುಂಬಿದಾಗ 'ಮಕ್ಕಳ ಟ್ಯಾಬ್' ಅಂತ ಬರೆದಿದ್ದ ಒಂದನ್ನು ತಂದೆವು. ನೀಲಿ ಕವರ್, ಮೇಲೊಂದು ಹಿಡಿ, ನೋಡೋಕೆ ಚೆನ್ನಾಗಿತ್ತು. ಒಳಗಿದ್ದದ್ದು 2 ಜಿಬಿ ರ‍್ಯಾಮ್ (ಆ್ಯಪ್ ನಡೆಯುವಾಗ ಬಳಸುವ ಮೆಮೊರಿ), 16 ಜಿಬಿ ಸ್ಟೋರೇಜ್ (ಆ್ಯಪ್, ಫೋಟೊ ಇಡುವ ಜಾಗ). ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗವನ್ನು ಸಿಸ್ಟಮ್ಮೇ ತಿಂದಿತ್ತು. ನಾಲ್ಕು ಆ್ಯಪ್ ಹಾಕುವಷ್ಟರಲ್ಲಿ ಜಾಗ ಮುಗಿಯಿತು. ಆಮೇಲೆ ಆಮೆಯ ನಡಿಗೆ ಶುರುವಾಯಿತು.

ದೊಡ್ಡವರಿಗೆ ನಿಧಾನದ ಟ್ಯಾಬ್ ಬರೀ ಕಿರಿಕಿರಿ. ಮಗುವಿನ ವಿಷಯ ಬೇರೆ. ನಾವು ಒಂದು ಸಲ ಒತ್ತಿ ಕಾಯುತ್ತೇವೆ. ಮಗು ಕಾಯುವುದಿಲ್ಲ. ಒತ್ತಿದ್ದು ಆಗಲಿಲ್ಲ ಅಂದರೆ ಮತ್ತೆ ಒತ್ತುತ್ತದೆ, ಇನ್ನೊಂದು ಕಡೆ ಒತ್ತುತ್ತದೆ, ಅಂಗೈಯಿಂದ ಬಡಿಯುತ್ತದೆ. ಎರಡು ಸೆಕೆಂಡ್ ಬಿಟ್ಟು ಟ್ಯಾಬ್‌ಗೆ ಎಚ್ಚರವಾಗಿ, ಅಷ್ಟೂ ಒತ್ತುಗಳನ್ನು ಒಟ್ಟಿಗೆ ನಡೆಸಿಬಿಡುತ್ತದೆ. ಬಣ್ಣ ತುಂಬುತ್ತಿದ್ದ ಚಿತ್ರ ಹೋಗಿ ಯಾವುದೋ ಜಾಹೀರಾತು ತೆರೆದುಕೊಳ್ಳುತ್ತದೆ. ನನ್ನ ಮಗಳು ಅಳುತ್ತಾ ಬಂದು "ಅಮ್ಮಾ, ನಾನೇನೂ ಮಾಡ್ಲಿಲ್ಲ" ಅನ್ನುತ್ತಿದ್ದಳು. ನಿಜವಾಗಿಯೂ ಅವಳ ತಪ್ಪೇನೂ ಇರಲಿಲ್ಲ. ಮಗುವಿಗಲ್ವಾ, ಕಮ್ಮಿ ಶಕ್ತಿಯದ್ದು ಸಾಕು ಅನ್ನುವ ಮಾತನ್ನು ನಾನು ಅವತ್ತಿನಿಂದ ಒಪ್ಪುವುದಿಲ್ಲ.

ಹಾಗಾಗಿ ಪೆಟ್ಟಿಗೆಯ ಮೇಲೆ ನಾನು ಮೊದಲು ನೋಡುವುದು ಎರಡೇ ಅಂಕಿ. ರ‍್ಯಾಮ್ ಕನಿಷ್ಠ 4 ಜಿಬಿ, ಸ್ಟೋರೇಜ್ ಕನಿಷ್ಠ 64 ಜಿಬಿ. ಇದಕ್ಕಿಂತ ಕೆಳಗೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಈಗ ಕೆಲವು ಕಂಪನಿಗಳು '8 ಜಿಬಿ' ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ '4+4' ಅಂತ ಹಾಕುತ್ತವೆ. ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜ್‌ನಿಂದಲೇ ಸ್ವಲ್ಪ ಜಾಗ ಎರವಲು ತಗೊಂಡು ರ‍್ಯಾಮ್ ಥರ ಬಳಸುವುದು ಅಷ್ಟೇ. ಅದು ಅಸಲಿ ರ‍್ಯಾಮ್‌ಗಿಂತ ತುಂಬಾ ನಿಧಾನ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೊದಲನೆಯ ಅಂಕಿ ಮಾತ್ರ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಒಳ್ಳೆಯದು. ಆದರೆ ಫೋಟೊ, ವೀಡಿಯೊಗಳನ್ನು ಕಾರ್ಡ್‌ಗೆ ಹಾಕಬಹುದೇ ಹೊರತು ಎಲ್ಲ ಆ್ಯಪ್‌ಗಳೂ ಅಲ್ಲಿಗೆ ಹೋಗುವುದಿಲ್ಲ. ಕಾರ್ಡ್ ನಂಬಿಕೊಂಡು 32 ಜಿಬಿ ತಗೋಬೇಡಿ.

ಇನ್ನು ಸ್ಕ್ರೀನ್. ಪುಟ್ಟ ಕೈಗೆ 8 ಇಂಚು ಹಿತ, ತೂಕವೂ ಸುಮಾರು 350 ಗ್ರಾಂ ಅಷ್ಟೇ. 10-11 ಇಂಚಿನದು ಅರ್ಧ ಕಿಲೋ ಹತ್ತಿರ ಬರುತ್ತದೆ, ಕವರ್ ಸೇರಿದರೆ ಇನ್ನೂ ಜಾಸ್ತಿ. ಆದರೂ ನಾನು ದೊಡ್ಡದನ್ನೇ ತಗೊಳ್ಳಿ ಅನ್ನುತ್ತೇನೆ. ಚಿಕ್ಕದನ್ನು ಮಗು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತರುತ್ತದೆ. ದೊಡ್ಡದನ್ನು ಮೇಜಿನ ಮೇಲೆ ನಿಲ್ಲಿಸಿ, ಸ್ವಲ್ಪ ದೂರದಿಂದ, ಪಕ್ಕದಲ್ಲಿ ನಾವೂ ಕೂತು ನೋಡಬಹುದು. ಅಜ್ಜ ಅಜ್ಜಿಗೆ ವೀಡಿಯೊ ಕಾಲ್ ಮಾಡುವಾಗ ಮನೆಮಂದಿಯೆಲ್ಲ ಒಟ್ಟಿಗೆ ಕಾಣಿಸುತ್ತೇವೆ.

ದೊಡ್ಡದು ತಗೊಳ್ಳುವಾಗ ರೆಸಲ್ಯೂಶನ್ ನೋಡಲೇಬೇಕು. 1280×800 ಅನ್ನುವ ಸ್ಕ್ರೀನ್ 8 ಇಂಚಿನಲ್ಲಿ ಪರವಾಗಿಲ್ಲ, ಒಂದು ಇಂಚಿಗೆ ಸುಮಾರು 189 ಚುಕ್ಕೆ ಬರುತ್ತವೆ. ಅದನ್ನೇ 10.1 ಇಂಚಿಗೆ ಎಳೆದರೆ 149ಕ್ಕೆ ಇಳಿಯುತ್ತದೆ. ಅಕ್ಷರದ ಅಂಚು ಒರಟಾಗುತ್ತದೆ. ಒತ್ತಕ್ಷರ ತುಂಬಿರುವ ನಮ್ಮ ಲಿಪಿಯನ್ನು ಓದಲು ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ದೊಡ್ಡ ಸ್ಕ್ರೀನ್ ಅಂದರೆ 1920×1200 ಇರಲಿ. ಮನೆಯವರು ಸಿನಿಮಾ ನೋಡುವವರಾದರೆ 'ವೈಡ್‌ವೈನ್ ಎಲ್1' ಇದೆಯಾ ಅಂತ ಕೇಳಿ. ಸಿನಿಮಾ ನಕಲಾಗದಂತೆ ಕಾಯುವ ವ್ಯವಸ್ಥೆಯ ಮೇಲಿನ ಮಟ್ಟ ಅದು. ಅದು ಇಲ್ಲದೆ ಎಲ್3 ಮಾತ್ರ ಇದ್ದರೆ, ದೊಡ್ಡ ದೊಡ್ಡ ಸಿನಿಮಾ ಆ್ಯಪ್‌ಗಳು ಮಸುಕಾದ ಚಿತ್ರವನ್ನೇ ಕೊಡುತ್ತವೆ, ಸ್ಕ್ರೀನ್ ಎಷ್ಟೇ ಚೆನ್ನಾಗಿರಲಿ.

ಕ್ಯಾಮೆರಾ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಿಮ್ ಬೇಡ, ವೈಫೈ ಸಾಕು. ಚಾರ್ಜಿಂಗ್ ಪೋರ್ಟ್ ಮಾತ್ರ ಯುಎಸ್‌ಬಿ-ಸಿ ಆಗಿರಬೇಕು. ಹಳೆಯ ಮೈಕ್ರೋ ಯುಎಸ್‌ಬಿ ಒಂದೇ ದಿಕ್ಕಿನಲ್ಲಿ ಹೋಗುವಂಥದ್ದು, ಮಗು ತಿರುಗಿಸಿ ತುರುಕಿದರೆ ಪೋರ್ಟೇ ಹಾಳಾಗುತ್ತದೆ.

ಯಾವ ಬ್ರ್ಯಾಂಡ್ ಅನ್ನುವುದಕ್ಕೆ ಬರುತ್ತೇನೆ. ಹೆಸರೇ ಕೇಳಿರದ ಕಂಪನಿಯ ಟ್ಯಾಬ್‌ಗಳು ಆನ್‌ಲೈನ್‌ನಲ್ಲಿ ತುಂಬಾ ಅಗ್ಗಕ್ಕೆ ಕಾಣುತ್ತವೆ. ನನಗೆ ಭಯ ಇರುವುದು ಅವುಗಳ ವೇಗದ ಬಗ್ಗೆ ಅಲ್ಲ. 2023ರಲ್ಲಿ, ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಸಂಶೋಧಕಿಯೊಬ್ಬರು, ತಮ್ಮ ಮಗಳಿಗೆ ಸಿಕ್ಕಿದ್ದ ಅಂಥ ಒಂದು ಮಕ್ಕಳ ಟ್ಯಾಬ್ ಅನ್ನು ಪರೀಕ್ಷಿಸಿ ನೋಡಿದರು. ಅದರಲ್ಲಿ ಮಾಲ್‌ವೇರ್‌ನ (ಕದ್ದು ಕೆಡುಕು ಮಾಡುವ ಸಾಫ್ಟ್‌ವೇರ್‌ನ) ಕುರುಹು ಸಿಕ್ಕಿತು. ಅದರಲ್ಲಿದ್ದ ಆಂಡ್ರಾಯ್ಡ್ 2018ರ ಆವೃತ್ತಿ, ಮಕ್ಕಳ ಆ್ಯಪ್ ಕೂಡ ಹಳೆಯದು. ನಮ್ಮ ಮನೆಯ ವೈಫೈ, ನಮ್ಮ ಫೋಟೊ, ಮಗುವಿನ ದನಿ, ಎಲ್ಲ ಹೋಗಿ ಬರುವ ಬಾಗಿಲು ಅದು. ಅಲ್ಲಿ ಉಳಿಸಿದ ದುಡ್ಡು ಉಳಿತಾಯ ಅಲ್ಲ. ಆಂಡ್ರಾಯ್ಡ್ ಆದರೆ, ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಒತ್ತಿ ನೋಡಿ. 'ಪ್ಲೇ ಪ್ರೊಟೆಕ್ಟ್' ಮುಂದೆ ಸರ್ಟಿಫೈಡ್ ಅಂತ ಬರದಿದ್ದರೆ ಅವತ್ತೇ ವಾಪಸ್ ಮಾಡಿ.

ಸ್ಯಾಮ್‌ಸಂಗ್‌ನ ಎ ಸಾಲಿನವು, ಲೆನೊವೊದ ಕಡಿಮೆ ಬೆಲೆಯವು ಈ ಕೆಲಸಕ್ಕೆ ಧಾರಾಳ ಸಾಕು. 2023ರ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನಲ್ಲಿ 11 ಇಂಚು, 1920×1200, ನಾನು ಹೇಳಿದ ಎಲ್ಲ ಇತ್ತು. ಆ ಲೆಕ್ಕವನ್ನು ಇಟ್ಟುಕೊಂಡು ಈಗಿನ ಮಾದರಿಗಳನ್ನು ತೂಗಿ ನೋಡಿ. ಅಮೆಜಾನ್ ಫೈರ್ ಸಿಗುವ ಕಡೆ ಅದು ತೀರಾ ಅಗ್ಗ. ಆದರೆ ಅದರಲ್ಲಿ ಗೂಗಲ್ ಪ್ಲೇ ಸ್ಟೋರ್ ಇರುವುದಿಲ್ಲ, ಮನೆಯವರು ನಿತ್ಯ ಬಳಸುವ ಆ್ಯಪ್‌ಗಳು ಸಿಗುತ್ತವೆಯೇ ಅಂತ ಮೊದಲು ನೋಡಿಕೊಳ್ಳಿ. ಹೊಸ ಐಪ್ಯಾಡ್ ದುಬಾರಿ ಅನಿಸಿದರೆ, ಗೊತ್ತಿರುವವರಿಂದ ಒಂದು ಹಳೆಯದನ್ನು ತಗೊಳ್ಳುವುದು ಜಾಣತನ. ಆ್ಯಪಲ್ ವರ್ಷಗಟ್ಟಲೆ ಅಪ್‌ಡೇಟ್ ಕೊಡುತ್ತದೆ. 2019ರ ಐಪ್ಯಾಡ್‌ಗೆ 2024ರ ಐಪ್ಯಾಡ್‌ಒಎಸ್ 18 ಕೂಡ ಬಂತು. ಕೊಡುವವರು ತಮ್ಮ ಖಾತೆಯಿಂದ ಸೈನ್ ಔಟ್ ಆಗಿದ್ದಾರಾ ಅಂತ ಮಾತ್ರ ಎದುರಿಗೇ ನೋಡಿ.

ಐಪ್ಯಾಡ್‌ನಲ್ಲಿ ಒಂದು ಕೊರತೆ ಇದೆ. ಮನೆಯಲ್ಲಿ ಬಳಸುವಾಗ ಅದರಲ್ಲಿ ಬೇರೆ ಬೇರೆ ಯೂಸರ್ ಮಾಡಲು ಬರುವುದಿಲ್ಲ. ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಈ ಸೌಲಭ್ಯ 2012ರಿಂದಲೇ ಇದೆ. ಕೆಲವು ಕಂಪನಿಗಳು ತೆಗೆದುಹಾಕಿರುತ್ತವೆ, ಕೊಳ್ಳುವ ಮುಂಚೆ ವಿಚಾರಿಸಿ. ನಾನು ಹೇಳಿದ ಮೂಲೆ ಅಂದರೆ ಇದೇ. ಅಪ್ಪನ ಮೇಲ್, ಅಮ್ಮನ ಬ್ಯಾಂಕ್ ಒಂದು ಕಡೆ, ಮಗುವಿನ ನಾಲ್ಕು ಆ್ಯಪ್ ಇನ್ನೊಂದು ಕಡೆ. ನಡುವೆ ಪಿನ್. ಮಗುವಿನ ಖಾತೆಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿದರೆ ಸಮಯದ ಮಿತಿಯನ್ನು ನಮ್ಮ ಫೋನಿನಿಂದಲೇ ಇಡಬಹುದು, ಅದಕ್ಕೆ ದುಡ್ಡಿಲ್ಲ. ಐಪ್ಯಾಡ್ ತಗೊಂಡವರು 'ಗೈಡೆಡ್ ಆಕ್ಸೆಸ್' ಆನ್ ಮಾಡಿಕೊಳ್ಳಿ. ಮಗು ತೆರೆದ ಆ್ಯಪ್ ಬಿಟ್ಟು ಹೊರಗೆ ಹೋಗಲು ಆಗುವುದಿಲ್ಲ.

"ಎಷ್ಟು ಹೊತ್ತು ಕೊಡಬಹುದು?" ಅಂತಲೂ ಕೇಳುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಸರಳವಾಗಿದೆ. ಎರಡು ವರ್ಷದ ಒಳಗೆ ಸುಮ್ನೆ ಕೂತು ಸ್ಕ್ರೀನ್ ನೋಡುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಟ್ಯಾಬ್ 'ಮನೆಯದು' ಆಗಿದ್ದರೆ ಇದನ್ನು ಪಾಲಿಸುವುದು ನಿಜಕ್ಕೂ ಸುಲಭ. ಮಗುವಿನದೇ ವಸ್ತುವನ್ನು ಕೈಯಿಂದ ಕಿತ್ತುಕೊಂಡರೆ ರಂಪ. ಈಗ ಅಪ್ಪನ ಸರದಿ ಅಂದರೆ ಮಗುವಿಗೆ ಅರ್ಥವಾಗುತ್ತದೆ. ಎರಡನೆಯ ಟ್ಯಾಬ್ ತಂದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇದು.

ತಂದ ದಿನವೇ ಮಗುವಿನ ಕೈಗೆ ಕೊಡಬೇಡಿ. ಆ ರಾತ್ರಿ ಮಗು ಮಲಗಿದ ಮೇಲೆ ಕೂತುಕೊಳ್ಳಿ. ಇರುವ ಅಪ್‌ಡೇಟ್ ಎಲ್ಲ ಹಾಕಿ. ಮಗುವಿನ ಯೂಸರ್ ಮಾಡಿ. ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ನಾಲ್ಕೈದು ಕಥೆ, ಒಂದು ಚಿತ್ರ ಬಿಡಿಸುವ ಆ್ಯಪ್ ಇಳಿಸಿಟ್ಟು, ವೈಫೈ ಆಫ್ ಮಾಡಿ ಅವು ನಡೆಯುತ್ತವೆಯಾ ನೋಡಿ. ದಪ್ಪ ಫೋಮ್ ಕವರ್ ಹಾಕಿ. ಚಾರ್ಜರ್ ಅನ್ನು ಮಲಗುವ ಕೋಣೆಯಲ್ಲಿ ಅಲ್ಲ, ಹಾಲ್‌ನಲ್ಲಿ ಎಲ್ಲರಿಗೂ ಕಾಣುವ ಕಡೆ ಚುಚ್ಚಿಡಿ. ಬೆಳಗ್ಗೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲನೆಯ ಕಥೆ ತೆರೆಯಿರಿ.