ಕತ್ತಲ ಸ್ಟೇಜಿನಲ್ಲಿ ಹನ್ನೆರಡನೇ ಗೆರೆ

15 ಡಿಸೆಂಬರ್ 2024, ಭಾನುವಾರ

ನಿನ್ನೆ ರಾತ್ರಿ ಎರಡನೇ ಹಾಡಿಗೇ ಇಡೀ ಸ್ಟೇಜು ಕಡು ಕೆಂಪಾಯಿತು. ಕೆಳಗೆ ಕೂತವರಿಗೆ ಚೆನ್ನಾಗಿಯೇ ಕಂಡಿರುತ್ತದೆ. ನನ್ನ ಸ್ಟೀಲ್ ಗಿಟಾರಿನ ಬಿಳಿ ಫ್ರೆಟ್‌ಬೋರ್ಡಿನ (ತಂತಿಗಳ ಕೆಳಗಿನ ಪಟ್ಟಿ) ಮೇಲಿದ್ದ, ಸ್ವರದ ಜಾಗ ತೋರಿಸುವ ಕೆಂಪು ಗುರುತುಗಳು ಮಾತ್ರ ಮಾಯವಾದವು. ಕೆಂಪು ಬೆಳಕಿನಲ್ಲಿ ಬಿಳಿಯೂ ಕೆಂಪೇ, ಕೆಂಪೂ ಕೆಂಪೇ. ಮುಂದಿನ ಹಾಡಿಗೆ ನೀಲಿ ಬಂತು, ಗುರುತುಗಳು ಕಪ್ಪಾಗಿ ಮತ್ತೆ ಎದ್ದು ಕಂಡವು. ಕಪ್ಪು ಬೋರ್ಡಿನ ಮೇಲೆ ಕೆಂಪು ಗುರುತಿದ್ದರೆ ಇದು ಉಲ್ಟಾ ಆಗುತ್ತದೆ, ನೀಲಿಯಲ್ಲಿ ಎಲ್ಲ ಮುಳುಗಿಹೋಗುತ್ತದೆ. ಯಾವ ಬಣ್ಣದ ಲೈಟು ಬಿದ್ದರೂ ಕೈಕೊಡದೆ ಇರುವುದು ಕಪ್ಪಿನ ಮೇಲಿನ ಬಿಳಿ ಗೆರೆ ಒಂದೇ. ಅದೂ ಹೊಳಪಿಲ್ಲದ ಬೋರ್ಡ್ ಆಗಿರಬೇಕು. ಹೊಳೆಯುವ ಪ್ಲಾಸ್ಟಿಕ್ ಆದರೆ ಮೇಲಿನ ಲೈಟೆಲ್ಲ ಅದರಲ್ಲೇ ಕಾಣುತ್ತದೆ, ಗೆರೆ ಕಾಣುವುದಿಲ್ಲ.

ಬೇರೆ ಗಿಟಾರ್ ನುಡಿಸುವ ಗೆಳೆಯರು ಕೇಳುತ್ತಾರೆ, ಬೋರ್ಡನ್ನು ಅಷ್ಟೊಂದು ಯಾಕೆ ನೋಡಬೇಕು ಅಂತ. ಅವರ ಗಿಟಾರಿನಲ್ಲಿ ಲೋಹದ ಫ್ರೆಟ್, ಅಂದರೆ ಉಬ್ಬಿದ ಅಡ್ಡ ಪಟ್ಟಿ, ಇದೆ. ಎರಡು ಫ್ರೆಟ್‌ಗಳ ನಡುವೆ ಬೆರಳು ಸ್ವಲ್ಪ ಆಚೀಚೆ ಆದರೂ ಸ್ವರ ನಿಲ್ಲುತ್ತದೆ. ಸ್ಟೀಲ್ ಗಿಟಾರಿನಲ್ಲಿ ಇರುವುದು ಬರೀ ಗೆರೆ. ತಂತಿ ಬೋರ್ಡಿಗೆ ತಾಗುವುದೇ ಇಲ್ಲ, ಮೇಲೆಯೇ ಇರುತ್ತದೆ. ಮಲಗಿಸಿಟ್ಟ ಗಿಟಾರಿನ ತಂತಿಗಳ ಮೇಲೆ ಅಡ್ಡಲಾಗಿ ಇಟ್ಟು ಜಾರಿಸುವ ಲೋಹದ ತುಂಡೇ ಬಾರ್. ಅದು ಎಲ್ಲಿ ಕೂತಿತೋ ಅಲ್ಲೇ ಸ್ವರ.

ಬೆಳಿಗ್ಗೆ ಕೂತು ಲೆಕ್ಕ ಹಾಕಿದೆ. ತಂತಿಯ ಉದ್ದ 24 ಇಂಚು ಅಂತಿಟ್ಟುಕೊಳ್ಳಿ. ಮೊದಲ ಗೆರೆ ಸುಮಾರು 34 ಮಿಲಿಮೀಟರ್ ದೂರದಲ್ಲಿ ಬರುತ್ತದೆ. 12ನೇ ಗೆರೆ ದಾಟಿದ ಮೇಲೆ ಮುಂದಿನದಕ್ಕೆ 17 ಮಿಲಿಮೀಟರ್ ಮಾತ್ರ. ಬಾರ್ 3 ಮಿಲಿಮೀಟರ್ ಜಾರಿತು ಅನ್ನಿ. 3ನೇ ಗೆರೆಯ ಹತ್ತಿರ ಸ್ವರ ಸುಮಾರು 10 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾನ) ಬದಲಾಗುತ್ತದೆ, 12ರಲ್ಲಿ 17, 24ರಲ್ಲಿ 34. ಅರ್ಧ ಸ್ವರಕ್ಕೆ 100 ಸೆಂಟ್. 10 ಸೆಂಟನ್ನು ಬಾರ್ ಅಲುಗಿಸುತ್ತಾ ಸರಿಮಾಡಿಕೊಳ್ಳಬಹುದು. 34 ಅಂದರೆ ಯಾರ ಕಿವಿಗೂ ಚುಚ್ಚುವ ಅಪಸ್ವರ. ಮೇಲೆ ಹೋದಷ್ಟೂ ಗೆರೆಗಳು ಒತ್ತೊತ್ತಾಗುತ್ತವೆ. ಕತ್ತಲೆ ಹೆಚ್ಚು ಕಾಡುವುದು ಅಲ್ಲೇ.

ಆದರೆ ನನ್ನ ಮಟ್ಟಿಗೆ ಕತ್ತಲೆಗಿಂತ ದೊಡ್ಡ ತೊಂದರೆ ಎಂದರೆ ಬೆಳಕು ತಪ್ಪು ಕಡೆಯಿಂದ ಬರುವುದು. ಇವತ್ತು ಮನೆಯಲ್ಲಿ ಪರದೆಯೆಲ್ಲ ಎಳೆದು, ಟಾರ್ಚ್ ಹಿಡಿದು ನೋಡಿದೆ. ಎಡಗಡೆಯಿಂದ ಬೆಳಕು ಬಿಟ್ಟರೆ ಬಾರಿನ ನೆರಳು ಬಲಗಡೆಗೆ ಬೀಳುತ್ತದೆ. ಬಲಗಡೆಯಿಂದ ಬಿಟ್ಟರೆ ಎಡಕ್ಕೆ. ನೆರಳಿನ ಅಂಚು ಕಪ್ಪಗೆ, ಚೂಪಾಗಿ ಕಾಣುತ್ತದೆ, ಬಾರಿಗಿಂತ ಚೆನ್ನಾಗಿ. ಕಣ್ಣು ಸುಮ್ನೆ ಆ ನೆರಳನ್ನೇ ಹಿಡಿದುಕೊಂಡು ಗೆರೆಗೆ ಸೇರಿಸಲು ಹೋಗುತ್ತದೆ. ಸ್ವರ ಅಲ್ಲೇ ಕೆಡುತ್ತದೆ. ಟಾರ್ಚನ್ನು ಎದುರಿಗೆ, ಅಂದರೆ ಪ್ರೇಕ್ಷಕರು ಕೂರುವ ಕಡೆ, ಬಾರಿನ ನೇರಕ್ಕೇ ಇಟ್ಟೆ. ನೆರಳು ಬಾರಿನ ಉದ್ದಕ್ಕೇ ನನ್ನ ಕಡೆಗೆ ಚಾಚಿಕೊಂಡಿತು. ಆಚೆಗೂ ಇಲ್ಲ, ಈಚೆಗೂ ಇಲ್ಲ! ಬಾರಿನ ಎರಡೂ ಪಕ್ಕದಲ್ಲಿ ಬೋರ್ಡ್ ಒಂದೇ ಸಮ ಬೆಳಗಿತ್ತು.

ಒಂದೇ ಸಣ್ಣ ಬಲ್ಬಾದರೆ ಬಾರ್ 3ನೇ ಗೆರೆಗೋ 15ನೇ ಗೆರೆಗೋ ಹೋದಾಗ ಮತ್ತೆ ನೆರಳು ವಾರೆಯಾಗುತ್ತದೆ. ಹಾಗಾಗಿ ಗಿಟಾರಿನ ಎದುರಂಚಿನ ಉದ್ದಕ್ಕೂ ಎಲ್‌ಇಡಿ ಪಟ್ಟಿ ಅಂಟಿಸುವುದೇ ಸರಿ. ಬೆಳಕು ಮಂದವಾಗಿ, ಒಂದೇ ಸಮ ಇರಬೇಕು. ಜೋರು ಬೆಳಕಿದ್ದರೆ ಬಾರ್ ಕನ್ನಡಿ ಆಗಿಬಿಡುತ್ತದೆ. ಮತ್ತೆ, ಅಷ್ಟು ಹೊತ್ತು ಬೆಳಕು ನೋಡಿ ತಲೆ ಎತ್ತಿದರೆ ಜೊತೆಗಾರರ ಮುಖವೇ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಕೆಡುವುದಕ್ಕೆ ಒಂದು ಸ್ಪಾಟ್‌ಲೈಟ್ ಮುಖಕ್ಕೆ ಬಿದ್ದರೆ ಸಾಕು. ಅದಕ್ಕೇ ನಾನು ಕ್ಯಾಪ್ ಬಿಡುವುದಿಲ್ಲ.

ಎಲ್‌ಇಡಿ ಕೊಳ್ಳುವವರಿಗೆ ಒಂದು ಮಾತು. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇದೆಯಲ್ಲ, ಅಗ್ಗದ ಕೆಲವು ಡಿಮ್ಮರ್‌ಗಳು ದೀಪವನ್ನು ಬಹಳ ವೇಗವಾಗಿ ಆರಿಸಿ ಹತ್ತಿಸಿ ಆ ಕೆಲಸ ಮಾಡುತ್ತವೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್ ಅದನ್ನೂ ಹಿಡಿದು ಆಂಪ್‌ನಲ್ಲಿ ಝುಂಯ್ ಅನ್ನಿಸುತ್ತದೆ. ಮನೆಯಲ್ಲೇ ವಾಲ್ಯೂಮ್ ಪೂರ್ತಿ ಏರಿಸಿ, ಡಿಮ್ಮರ್ ತಿರುಗಿಸುತ್ತಾ ಕೇಳಿ ನೋಡಿ. ಎಲ್‌ಇಡಿಯಿಂದ ಒಂದು ನೆಮ್ಮದಿ, ಬಿಸಿ ಜಾಸ್ತಿ ಆಗುವುದಿಲ್ಲ. 1930ರ ದಶಕದಲ್ಲಿ ಬಂದ ಅಲ್ಯೂಮಿನಿಯಂ ಮೈಯ ರಿಕನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’ ಎಂಬ ಎಲೆಕ್ಟ್ರಿಕ್ ಸ್ಟೀಲ್ ಗಿಟಾರ್ ಸ್ಟೇಜ್ ಲೈಟಿನ ಕಾವಿಗೆ ಹಿಗ್ಗಿ ಶ್ರುತಿ ಕೆಡಿಸಿಕೊಳ್ಳುತ್ತಿತ್ತು. ಆಗಿನವರು ಇಂಥ ಗಿಟಾರ್ ಇಟ್ಟುಕೊಂಡು ಇಡೀ ಸಂಜೆ ನುಡಿಸುತ್ತಿದ್ದರು ಎಂದರೆ ಅವರ ಕಿವಿ ಎಂಥದ್ದಿರಬೇಕು!

ಕತ್ತಲಲ್ಲಿ ಹೊಳೆಯುವ ಟೇಪ್ ಹಚ್ಚು ಎಂದು ಕೆಲವರು ಹೇಳುತ್ತಾರೆ. ಅದು ಮೊದಲು ಬೆಳಕು ಕುಡಿಯಬೇಕು, ಆಮೇಲೆ ಕಾರಬೇಕು. ಶುರುವಿನಲ್ಲಿ ಜೋರಾಗಿ ಹೊಳೆದು ಬೇಗ ಮಂಕಾಗುತ್ತದೆ. ಮಬ್ಬಾದ ದಪ್ಪ ಹಸಿರು ಚುಕ್ಕೆ 7ನೇ ಗೆರೆ ಇಲ್ಲೆಲ್ಲೋ ಇದೆ ಅನ್ನುತ್ತದೆಯೇ ಹೊರತು ಗೆರೆಯ ಅಂಚು ತೋರಿಸುವುದಿಲ್ಲ. ಕೇಬಲ್ ಎಲ್ಲಿದೆ ಎಂದು ಹುಡುಕುವುದಕ್ಕೆ ಪರವಾಗಿಲ್ಲ, ಶ್ರುತಿಗಲ್ಲ.

ಬೆಳಕು ಸರಿ ಮಾಡಿದರೂ ನೋಡುವ ಕೋನ ಉಳಿಯುತ್ತದೆ. ತಂತಿ ಮೇಲೆ, ಗೆರೆ ಕೆಳಗೆ. ತಲೆ ಎಡಕ್ಕಿದ್ದರೆ ಬಾರ್ ಇನ್ನೂ ಬಲಕ್ಕಿರುವ ಹಾಗೆ ಕಾಣುತ್ತದೆ. ಬೆಳಕಿನಲ್ಲಿ ನಮಗೆ ಗೊತ್ತಿಲ್ಲದೆಯೇ ತಲೆ ಬಾರಿನ ಜೊತೆ ಓಡಾಡುತ್ತಿರುತ್ತದೆ. ಕತ್ತಲಲ್ಲಿ ಮೈ ಬಿಗಿಯಾಗಿ, ಕೂತಲ್ಲೇ ಕಣ್ಣು ಕಿರಿದು ಮಾಡಿ ನೋಡುತ್ತೇವೆ. ತಲೆಯನ್ನು ಬಾರಿನ ಮೇಲಕ್ಕೇ ತರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಗೆರೆಯೇ ಕೊನೆ ಮಾತು ಅಂತಲೂ ಅಲ್ಲ. ಪೆಡಲ್ ಸ್ಟೀಲ್ ಅಂದರೆ ಕಾಲಿನ ಪೆಡಲ್, ಮೊಣಕಾಲಿನ ಲಿವರ್‌ಗಳಿಂದ ತಂತಿಯ ಸ್ವರ ಬದಲಿಸುವ ಸ್ಟೀಲ್ ಗಿಟಾರ್. ಅದರಲ್ಲಿ ಎ ಎಂಬ ಪೆಡಲ್, ಎಫ್ ಎಂಬ ಲಿವರ್ ಒಟ್ಟಿಗೆ ಒತ್ತಿದಾಗ ಎಷ್ಟೋ ಜನ ಬಾರನ್ನು ಗೆರೆಗಿಂತ ಕೂದಲೆಳೆಯಷ್ಟು ಮುಂದೆಯೇ ಇಡುತ್ತಾರೆ, ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳು) ಸಿಹಿಯಾಗಿ ಕೇಳಲಿ ಅಂತ. ಆ ಕೂದಲೆಳೆಯನ್ನು ಹೇಳುವುದು ಕಿವಿ. ಆದರೆ ಕಿವಿ ಮಾತಾಡುವುದು ತಂತಿ ಮೀಟಿದ ಮೇಲೆ. 3ರಿಂದ 15ಕ್ಕೆ ಹಾರುವಾಗ ಬಾರನ್ನು ಮೀಟುವ ಮೊದಲೇ ಅಲ್ಲಿಗೆ ಮುಟ್ಟಿಸಬೇಕಾದ್ದು ಕಣ್ಣು, ಕಣ್ಣಿಲ್ಲದಿದ್ದರೆ ಕೈಯ ರೂಢಿ. ಅದಕ್ಕೇ ಇವತ್ತು ಲೈಟ್ ಪೂರ್ತಿ ಆರಿಸಿ ಇದನ್ನೇ ಮಾಡಿದೆ: ಬಾರ್ ತಾಗಿಸದೆ ಬರೀ ಒಂದು ತಂತಿ ಮೀಟುವುದು, ಅದು ಮೊಳಗುತ್ತಿರುವಾಗಲೇ ಪಕ್ಕದ ತಂತಿಗಳ ಮೇಲೆ ಬಾರ್ ಇಟ್ಟು ಅದರದೇ ಮೇಲಿನ ಸ್ವರ ಹುಡುಕುವುದು. ಸ್ವಲ್ಪ ತಪ್ಪಿದರೂ ಎರಡು ಸ್ವರ ತಿಕ್ಕಾಡಿ ಅಲೆಯಲೆಯಾಗಿ ಕಂಪಿಸುತ್ತವೆ. ಸರಿಯಾಗಿ ಕೂತಾಗ ಆ ಅಲೆ ನಿಲ್ಲುತ್ತದೆ. ಅದೆಂಥ ಖುಷಿ ಅಂತ ಸ್ಟೀಲ್ ನುಡಿಸುವವರಿಗೆ ಗೊತ್ತು.

ಒಂದು ಸಮಸ್ಯೆ ಇನ್ನೂ ಬಗೆಹರಿದಿಲ್ಲ. ನನ್ನದು ಎರಡು ನೆಕ್‌ನದು, ಅಂದರೆ ತಂತಿ, ಬೋರ್ಡ್ ಎರಡು ಜೊತೆ ಇವೆ. ಇ9 ಎಂಬ ಶ್ರುತಿಯದು ಪ್ರೇಕ್ಷಕರ ಕಡೆಗಿದೆ, ಸಿ6 ಶ್ರುತಿಯದು ನನ್ನ ಕಡೆಗೆ. ಎದುರಂಚಿನ ಪಟ್ಟಿ ಇ9ಗೆ ಚೆನ್ನಾಗಿ ಬೆಳಕು ಕೊಡುತ್ತದೆ, ಸಿ6 ಅದರ ಹಿಂದೆ ಮಬ್ಬಾಗಿಯೇ ಉಳಿಯುತ್ತದೆ. ಎರಡೂ ನೆಕ್‌ಗಳ ನಡುವೆ ಇನ್ನೊಂದು ತೆಳು ಪಟ್ಟಿ ಕೂರಿಸಬಹುದಾ ನೋಡಬೇಕು, ಕೈಗೆ ತಾಗದ ಹಾಗೆ. ಬುಧವಾರ ರಿಹರ್ಸಲ್ ಇದೆ. ಅಷ್ಟರೊಳಗೆ ಅಂಟಿಸಿ, ಹಾಲ್‌ನ ಲೈಟ್ ಆರಿಸಿಯೇ ನುಡಿಸೋಣ ಅಂತ ಎಲ್ಲರಿಗೂ ಹೇಳಿದ್ದೇನೆ.