ಮಣ್ಣು ಕೆದಕಿದ ತಾತ

ನಮ್ಮ ತಾತ ಮಿಲಿಟರಿಯಲ್ಲಿದ್ದರು ಅಂತ ಗೊತ್ತಾದರೆ ಸಾಕು, ಜನ ಕೇಳುತ್ತಿದ್ದ ಪ್ರಶ್ನೆ ಒಂದೇ. "ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ?" ತಾತ ಕನ್ನಡಕ ಸರಿಮಾಡಿಕೊಂಡು, "ನಾನು ಮಣ್ಣು ಕೆದಕಿದೆ ಸ್ವಾಮಿ" ಅನ್ನುತ್ತಿದ್ದರು. ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಅದನ್ನು ನೋಡೋದೇ ತಾತನಿಗೆ ಒಂದು ಖುಷಿ.

ಆದರೆ ಅವರು ಹೇಳಿದ್ದು ನಿಜವೇ. ತಾತ ಮದ್ರಾಸ್ ಸ್ಯಾಪರ್. ಇದು 1780ರಲ್ಲಿ ಶುರುವಾದ ಪಡೆ, ಇದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಇದೆ. 1962ರ ಚೀನಾ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಜೋರಾಗಿ ಭರ್ತಿ ನಡೆಯುತ್ತಿತ್ತು. ಆಗ ಸೇರಿದವರು ಅವರು. ಸೇತುವೆ ಕಟ್ಟೋದು, ದಾರಿ ಮಾಡೋದು, ಶತ್ರು ಹೂತಿಟ್ಟ ಮೈನ್ ತೆಗೆಯೋದು, ಇದು ಸ್ಯಾಪರ್‌ಗಳ ಕೆಲಸ. ಅಲ್ಲಿ ಸಿಪಾಯಿಗಳನ್ನು ತಂಬಿ, ಅಂದರೆ ತಮಿಳಿನಲ್ಲಿ ತಮ್ಮ, ಅಂತಲೇ ಕರೆಯೋದು. ತಾತ ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಪೋಸ್ಟ್‌ಮ್ಯಾನ್ ತಂಬಿ, ಡಾಕ್ಟರ್ ತಂಬಿ, ಮೊಮ್ಮಗಳಾದ ನಾನೂ ತಂಬಿ.

ಮೈನ್ ಹೇಗೆ ಹುಡುಕ್ತೀರಿ ಅಂತ ನಾನೊಮ್ಮೆ ಕೇಳಿದ್ದೆ. ತಾತ ಬಾಯಲ್ಲಿ ಹೇಳಲಿಲ್ಲ. ಹಿತ್ತಲಲ್ಲಿ ಒಂದು ಸ್ಟೀಲ್ ಡಬ್ಬಿ ಹೂತು, ನನ್ನ ಕೈಗೆ ಕೊಡೆಯ ಕಡ್ಡಿ ಕೊಟ್ಟರು. ಹೊಟ್ಟೆ ಮೇಲೆ ಮಲಗಿಸಿದರು. ಕಡ್ಡಿಯನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆ ಮೇಲೆ ಒತ್ತಡ ಬಿದ್ದು ಸಿಡಿಯುತ್ತದೆ. ಓರೆಯಾಗಿ ಹೋದರೆ ಪಕ್ಕಕ್ಕೆ ತಗಲುತ್ತದೆ. ತಗಲಿತು ಅಂದ ಕೂಡಲೇ ಕೈ ನಿಲ್ಲಿಸಬೇಕು. ಆಮೇಲೆ ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ಮಣ್ಣು ಸರಿಸಬೇಕು. ನಾನು ಅವಸರ ಮಾಡಿದಾಗಲೆಲ್ಲ ತಾತ ಮೆಲ್ಲಗೆ "ಸತ್ತೆ ತಂಬಿ" ಅನ್ನುತ್ತಿದ್ದರು. ಸಂಜೆಯೊಳಗೆ ಎಷ್ಟು ಸಲ ಸತ್ತೆನೋ! ಅಜ್ಜಿಗೆ ಮಾತ್ರ ಡಬ್ಬಿ ಸೊಟ್ಟಗಾಯಿತಲ್ಲ ಅನ್ನೋದೇ ಚಿಂತೆ.

ಟ್ಯಾಂಕ್‌ಗೆ ಅಂತ ಇಟ್ಟ ಮೈನ್ ಸಾಮಾನ್ಯವಾಗಿ ಮನುಷ್ಯನ ಭಾರಕ್ಕೆ ಸಿಡಿಯೋದಿಲ್ಲ. ಅದನ್ನು ತೆಗೆಯೋಕೆ ಬರುವವನಿಗಾಗಿ ನಡುವೆ ಚಿಕ್ಕ ಮೈನ್ ಹೂತಿಡುತ್ತಾರೆ. ಇದನ್ನು ತಾತ ಶತ್ರುವಿನ ಬಗ್ಗೆ ಒಂಥರಾ ಗೌರವದಿಂದಲೇ ಹೇಳುತ್ತಿದ್ದರು. ಕೆಲಸ ಗೊತ್ತಿದ್ದವರು ಹೂತಿದ್ದಾರೆ, ಅಲ್ವಾ?

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಅವರು ಗಡಿಯಾಚೆ ಶಕರ್‌ಗಢ ಕಡೆ ಇದ್ದರು. ಬಸಂತರ್ ನದಿಯ ಹತ್ತಿರ ರಾತ್ರಿ ಹೊತ್ತು ಮೈನ್ ತೆಗೆದು, ಟ್ಯಾಂಕ್ ಹೋಗುವಷ್ಟು ದಾರಿ ಮಾಡಬೇಕಿತ್ತು. ಮೇಲಿಂದ ಶೆಲ್ ಬೀಳುತ್ತಿರುತ್ತಿತ್ತು. ಕೆಲಸ ಮುಗಿದಿರಲಿಲ್ಲ. ಆದರೆ ನದಿ ದಾಟಿದ್ದ ಕಾಲಾಳು ಪಡೆಗೆ ಟ್ಯಾಂಕ್ ಬೇಕೇ ಬೇಕಾಯಿತು. ಪೂನಾ ಹಾರ್ಸ್ ಅನ್ನೋ ನಮ್ಮ ಟ್ಯಾಂಕ್ ರೆಜಿಮೆಂಟಿನ ಟ್ಯಾಂಕುಗಳು ಪೂರ್ತಿ ತೆರವಾಗದ ಮೈನ್ ನೆಲದಲ್ಲೇ ನುಗ್ಗಿದವು. ಮರುದಿನ, 16ರಂದು, ಆ ರೆಜಿಮೆಂಟಿನ ಅರುಣ್ ಖೇತ್ರಪಾಲ್ ಹೋರಾಡುತ್ತಾ ಸತ್ತರು. ವಯಸ್ಸು 21. ಅವರಿಗೆ ಪರಮವೀರ ಚಕ್ರ ಬಂತು.

ತಾತ ಈ ಕಥೆ ಹೇಳುವಾಗ ಪ್ರತಿ ಸಲ ಒಂದೇ ಕಡೆ ನಿಲ್ಲಿಸುತ್ತಿದ್ದರು. "ಇನ್ನೂ ದಾರಿ ಆಗಿರಲಿಲ್ಲ. ಆ ಹುಡುಗರು ಹೋಗಿಯೇ ಬಿಟ್ಟರು." ಅದರಲ್ಲಿ ಮೆಚ್ಚುಗೆ ಜಾಸ್ತಿಯೋ, ಕೆಲಸ ಅರ್ಧಕ್ಕೇ ನಿಂತ ಬೇಜಾರು ಜಾಸ್ತಿಯೋ ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮೇಜರ್ ವಿಜಯ್ ರತನ್ ಚೌಧರಿ ಹೆಸರು ಬರುತ್ತಿತ್ತು. ಆ ಯುದ್ಧದಲ್ಲಿ ಮುಂದೆ ನಿಂತು ಮೈನ್ ತೆಗೆಸುತ್ತಾ ಪ್ರಾಣ ಬಿಟ್ಟ ಎಂಜಿನಿಯರ್ ಆಫೀಸರ್, ಮಹಾವೀರ ಚಕ್ರ ಪಡೆದವರು. ಟ್ಯಾಂಕಿನವರ ಕಥೆ ಎಲ್ಲರಿಗೂ ಗೊತ್ತು, ದಾರಿ ಮಾಡಿದವರ ಹೆಸರು ಕೇಳಿ ನೋಡಿ. ಇದು ನನ್ನ ಗೊಣಗಾಟ. ತಾತ ಗೊಣಗಿದವರಲ್ಲ.

ಆ ಯುದ್ಧಕ್ಕೆ ತಾತನಿಗೆ ಸಿಕ್ಕ ಪಶ್ಚಿಮಿ ಸ್ಟಾರ್ ಪದಕ ಕಪ್ಪು ಟ್ರಂಕಿನಲ್ಲಿ, ಬೂಟ್ ಪಾಲಿಷ್ ಡಬ್ಬಿಯ ಪಕ್ಕ ಇರುತ್ತಿತ್ತು. ಎರಡರಲ್ಲಿ ದಿನಾ ಹೊರಗೆ ಬರುತ್ತಿದ್ದದ್ದು ಪಾಲಿಷ್. ಮನೆಯಲ್ಲಿ ಏನು ರಿಪೇರಿ ಬಂದರೂ ಅವರೇ ಕೂರುತ್ತಿದ್ದರು. ನಿಧಾನ ಅಂದರೆ ನಿಧಾನ. ಒಂದು ಸ್ವಿಚ್ ಬದಲಾಯಿಸೋಕೆ ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು, ಮನೆಮಂದಿ ಫ್ಯಾನಿಲ್ಲದೆ ಬೇಯುತ್ತಿದ್ದೆವು. ಆದರೆ ಅವರು ಹಾಕಿದ ಸ್ವಿಚ್ ಮತ್ತೆ ಕೆಟ್ಟಿದ್ದು ನಾನು ನೋಡಿಲ್ಲ.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗಾಗಿ ಬದುಕಿದ್ದೇನೆ ಅಂತ ತೋರಿಸಲು ಬ್ಯಾಂಕಿಗೆ ಹೋಗಬೇಕಲ್ಲ, ಬೆರಳಚ್ಚಿನ ಯಂತ್ರ ಬಂದ ಮೇಲೆ ಅದೊಂದು ಫಜೀತಿ. ಅವರ ಹೆಬ್ಬೆರಳಿನ ಗೆರೆ ಸವೆದುಹೋಗಿತ್ತು. ಯಂತ್ರ ಒಪ್ಪುತ್ತಲೇ ಇರಲಿಲ್ಲ. ಎದುರಿಗೆ ಬೆನ್ನು ನೆಟ್ಟಗೆ ಮಾಡಿ ಕೂತವರನ್ನು ನೋಡಿಯೂ ಅಲ್ಲಿನ ಗುಮಾಸ್ತರು "ಮ್ಯಾಚ್ ಆಗ್ತಿಲ್ಲ" ಅನ್ನುತ್ತಿದ್ದರು. "ಹಾಗಾದ್ರೆ ನಾನು ಸತ್ತೆನಾ ತಂಬಿ?" ಅಂತ ತಾತ.

ಕಳೆದ ವರ್ಷ ನಿಜವಾಗಿಯೂ ಹೋದರು. ಅಜ್ಜಿಗೆ ಕುಟುಂಬ ಪಿಂಚಣಿ ಮಾಡಿಸುವಾಗ ಹೊಸ ತಾಪತ್ರಯ. ಸೈನ್ಯದ ದಾಖಲೆಯಲ್ಲಿ ಅಜ್ಜಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಅಫಿಡವಿಟ್, ಅರ್ಜಿ, ಮತ್ತೆ ಅರ್ಜಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಒಬ್ಬರು ಕೂರಿಸಿಕೊಂಡು ಎಲ್ಲ ಬರೆಸಿಕೊಟ್ಟರು, ಪುಣ್ಯಾತ್ಮರು. ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದರೆ ಇವತ್ತೇ ಡಿಸ್ಚಾರ್ಜ್ ಬುಕ್ ತೆಗೆದು ಹೆಂಡತಿಯ ಹೆಸರು ಹೇಗೆ ಬರೆದಿದೆ ನೋಡಿ. ಅವರು ಇರುವಾಗಲೇ ಸರಿಮಾಡಿಸಿಬಿಡಿ.

ಹೆಸರು ಹೇಗೆ ತಪ್ಪಾಯಿತು ಅಂತ ನಾವೆಲ್ಲ ತಲೆ ಕೆಡಿಸಿಕೊಂಡಿದ್ದರೆ ಅಜ್ಜಿಗೆ ಆಶ್ಚರ್ಯವೇ ಇರಲಿಲ್ಲ. "ಮದುವೆಯಾದಾಗಿಂದ ಒಂದು ದಿನ ನನ್ನ ಹೆಸರು ಹಿಡಿದು ಕರೆದವರಲ್ಲ. ಬರೆಸೋವಾಗ ಜ್ಞಾಪಕ ಬಂದಿರಲಿಕ್ಕಿಲ್ಲ ಬಿಡು" ಅಂದರು.